ಅಗ್ಗದ ವಿಮಾನ ಟಿಕೆಟ್ ನಿಜಕ್ಕೂ ಅಗ್ಗವೇ? ಬುಕ್ ಮಾಡುವ ಮುಂಚೆ ಹಾಕಬೇಕಾದ ಲೆಕ್ಕ

ಬೋರ್ಡಿಂಗ್ ಗೇಟಿನ ಪಕ್ಕ ಒಂದು ಕಬ್ಬಿಣದ ಚೌಕಟ್ಟು ಇಟ್ಟಿರುತ್ತಾರೆ. ನಿಮ್ಮ ಬ್ಯಾಗ್ ಅದರೊಳಗೆ ಇಳಿದರೆ ಉಚಿತ, ಇಳಿಯದಿದ್ದರೆ ದುಡ್ಡು. ಮೊದಲ ಸಲ ಅಗ್ಗದ ಟಿಕೆಟ್ ತೆಗೆದುಕೊಂಡಾಗ ನನ್ನ ಬ್ಯಾಗಿನ ಚಕ್ರ ಎರಡು ಬೆರಳಷ್ಟು ಹೊರಗೆ ಉಳಿಯಿತು. ಒತ್ತಿದೆ, ತಿರುಗಿಸಿದೆ, ಮಂಡಿ ಊರಿದೆ. ಇಳಿಯಲಿಲ್ಲ. ಅಲ್ಲೇ ಕಾರ್ಡ್ ಉಜ್ಜಿ ಕಟ್ಟಿದ ಹಣ ಟಿಕೆಟ್ಟಿನ ಬೆಲೆಗಿಂತ ಜಾಸ್ತಿ ಇತ್ತು. ನನ್ನ ಹಿಂದಿದ್ದ ಹೆಂಗಸು ಇದನ್ನೆಲ್ಲ ನೋಡಿ, ಸುಮ್ನೆ ತಮ್ಮ ಬ್ಯಾಗ್ ತೆರೆದರು. ಎರಡು ಸ್ವೆಟರ್ ಒಂದರ ಮೇಲೊಂದು ಹಾಕಿಕೊಂಡರು, ಚಾರ್ಜರನ್ನು ಜೇಬಿಗೆ ತುರುಕಿದರು, ಬ್ಯಾಗನ್ನು ಚೌಕಟ್ಟಿಗೆ ಇಳಿಸಿ ತೋರಿಸಿದರು. ವಿಮಾನ ಹತ್ತಿದ ಮೇಲೆ ಎಲ್ಲವನ್ನೂ ಬಿಚ್ಚಿ ಮತ್ತೆ ಬ್ಯಾಗಿಗೇ ತುಂಬಿದರು!

ಆಮೇಲೆ ನಾನು ಅಗ್ಗದ ವಿಮಾನ ಬಿಟ್ಟುಬಿಟ್ಟೆ ಅಂದುಕೊಳ್ಳಬೇಡಿ. ಈಗಲೂ ಅದರಲ್ಲೇ ಹೆಚ್ಚು ಓಡಾಡುತ್ತೇನೆ. ಆದರೆ ಬುಕ್ ಮಾಡುವ ಮುಂಚೆ ಹತ್ತು ನಿಮಿಷ ಕೂತು ಲೆಕ್ಕ ಹಾಕುತ್ತೇನೆ. ಕೆಲವೊಮ್ಮೆ ಆ ಲೆಕ್ಕ ನೋಡಿ ದುಬಾರಿ ಟಿಕೆಟ್ಟನ್ನೇ ತೆಗೆದುಕೊಂಡಿದ್ದೂ ಉಂಟು.

ಮೊದಲು, ಅಗ್ಗದ ಕಂಪನಿಗಳು ಉಳಿಸುವುದು ಎಲ್ಲಿ?

ಎಲ್ಲರಿಗೂ ಮೊದಲು ಬರುವ ಅನುಮಾನ ಸುರಕ್ಷತೆಯದು. ಅಲ್ಲಿ ಉಳಿತಾಯಕ್ಕೆ ಜಾಗವೇ ಇಲ್ಲ. ಪೈಲಟ್ ಪರವಾನಗಿ, ವಿಮಾನದ ತಪಾಸಣೆ, ರಿಪೇರಿಯ ನಿಯಮ ಒಂದು ದೇಶದ ಎಲ್ಲ ಕಂಪನಿಗಳಿಗೂ ಒಂದೇ. ಯುರೋಪಿನ ಅಗ್ಗದ ಕಂಪನಿ ರಯಾನ್‌ಏರ್ ಹಾರಾಟ ಶುರು ಮಾಡಿದ್ದು 1985ರಲ್ಲಿ. ಇಷ್ಟು ವರ್ಷಗಳಲ್ಲಿ ಅದರ ಯಾವ ವಿಮಾನ ಅಪಘಾತದಲ್ಲೂ ಒಬ್ಬ ಪ್ರಯಾಣಿಕನ ಜೀವ ಹೋಗಿಲ್ಲ.

ಉಳಿತಾಯ ಇರುವುದು ಸಮಯದಲ್ಲಿ. ಅಮೆರಿಕದ ಸೌತ್‌ವೆಸ್ಟ್ ಕಂಪನಿ 1971ರಲ್ಲಿ ಟೆಕ್ಸಸ್‌ನಲ್ಲಿ ಶುರುವಾಯಿತು. ಮರುವರ್ಷ ಕೈಯಲ್ಲಿ ಕಾಸಿಲ್ಲದೆ ಇದ್ದ ನಾಲ್ಕು ವಿಮಾನಗಳಲ್ಲಿ ಒಂದನ್ನು ಮಾರಬೇಕಾಯಿತು. ಹಾರಾಟ ಮಾತ್ರ ಕಡಿಮೆ ಮಾಡಲಿಲ್ಲ. ಇಳಿದ ವಿಮಾನ ಹತ್ತೇ ನಿಮಿಷದಲ್ಲಿ ಮತ್ತೆ ಹೊರಡಬೇಕು ಎಂದು ಪಟ್ಟು ಹಿಡಿದು, ನಾಲ್ಕು ವಿಮಾನಗಳ ಕೆಲಸವನ್ನು ಮೂರರಿಂದ ತೆಗೆದರು. ಮುಂದೆ ಬಂದ ಅಗ್ಗದ ಕಂಪನಿಗಳೆಲ್ಲ ಕಲಿತ ಪಾಠ ಇದೇ. ನಿಂತ ವಿಮಾನ ನಷ್ಟ, ಹಾರುವ ವಿಮಾನ ಲಾಭ. ಈಗ ರಯಾನ್‌ಏರ್ ವಿಮಾನ ಇಳಿದು ಮತ್ತೆ ಹೊರಡಲು ಇಟ್ಟುಕೊಳ್ಳುವುದು ಸುಮಾರು 25 ನಿಮಿಷ. ಸೀಟು ಹಿಂದಕ್ಕೆ ಬಾಗುವುದಿಲ್ಲ, ಮುಂದಿನ ಸೀಟಿನ ಬೆನ್ನಿಗೆ ಜೇಬಿಲ್ಲ. ಜೇಬಿಲ್ಲದಿದ್ದರೆ ಕಸ ತೆಗೆಯುವ ಕೆಲಸವೂ ಇಲ್ಲ, ಅಲ್ವಾ? ಸಾಮಾನ್ಯವಾಗಿ ಒಂದೇ ಜಾತಿಯ ವಿಮಾನಗಳನ್ನು ಇಟ್ಟುಕೊಳ್ಳುವುದೂ ಇದೇ ಲೆಕ್ಕ. ತರಬೇತಿ ಒಂದೇ, ಬಿಡಿಭಾಗ ಒಂದೇ.

ಇದೆಲ್ಲ ಜಾಣತನವೇ. ಆದರೆ ವೇಳಾಪಟ್ಟಿ ಹಗ್ಗದ ಹಾಗೆ ಬಿಗಿಯಾಗಿರುತ್ತದೆ. ಬೆಳಗ್ಗೆ ಒಂದು ಕಡೆ ಅರ್ಧ ಗಂಟೆ ತಡವಾದರೆ ಅದೇ ವಿಮಾನದ ಸಂಜೆಯ ಹಾರಾಟಕ್ಕೂ ಅದರ ಬಿಸಿ ತಟ್ಟುತ್ತದೆ. ದೊಡ್ಡ ಕಂಪನಿ ತನ್ನ ವೇಳಾಪಟ್ಟಿಯಲ್ಲಿ, ಸಿಬ್ಬಂದಿಯಲ್ಲಿ, ಬೇರೆ ಕಂಪನಿಗಳ ಜತೆಗಿನ ಒಪ್ಪಂದದಲ್ಲಿ ಒಂದಿಷ್ಟು ಸಡಿಲು ಬಿಟ್ಟುಕೊಂಡಿರುತ್ತದೆ. ಅದಕ್ಕೆ ನಾವು ದುಡ್ಡು ಕೊಡುತ್ತೇವೆ. ಅಗ್ಗದ ಟಿಕೆಟ್ಟಿನಲ್ಲಿ ಆ ಸಡಿಲನ್ನು ನಾವೇ ಮನೆಯಿಂದ ತೆಗೆದುಕೊಂಡು ಹೋಗಬೇಕು. ನಮ್ಮ ಹತ್ತಿರ ಅದು ಇದೆಯೋ ಇಲ್ಲವೋ ಎಂದು ನೋಡಿಕೊಳ್ಳುವುದೇ ಮುಂದಿನ ಹೆಜ್ಜೆಗಳ ಕೆಲಸ.

ಹೆಜ್ಜೆ 1: ಬಾಗಿಲಿನಿಂದ ಬಾಗಿಲಿಗೆ ಕೂಡಿಸಿ

ಹುಡುಕಾಟದ ಪುಟದಲ್ಲಿ ಕಾಣುವ ಬೆಲೆ ಒಬ್ಬ ಮನುಷ್ಯ ಮತ್ತು ಒಂದು ಸಣ್ಣ ಚೀಲದ್ದು. ಉಳಿದದ್ದೆಲ್ಲ ಆಮೇಲೆ ಸೇರಿಕೊಳ್ಳುತ್ತದೆ. ರಯಾನ್‌ಏರ್‌ನ ಆದಾಯದಲ್ಲಿ ಸುಮಾರು ಮೂರನೇ ಒಂದು ಭಾಗ ಬರುವುದೇ ಟಿಕೆಟ್ ಬಿಟ್ಟು ಬೇರೆಯವುಗಳಿಂದ: ಬ್ಯಾಗ್, ಸೀಟು, ಮುಂಚಿತ ಬೋರ್ಡಿಂಗ್, ವಿಮಾನದೊಳಗೆ ಮಾರುವ ತಿಂಡಿ.

ಒಂದು ಹಾಳೆ ತೆಗೆದುಕೊಳ್ಳಿ. ಅಗ್ಗದ ಟಿಕೆಟ್ಟಿನ ಬೆಲೆ 100, ಎಲ್ಲ ಸೇರಿದ ದೊಡ್ಡ ಕಂಪನಿಯ ಟಿಕೆಟ್ 180 ಅಂದುಕೊಳ್ಳಿ. ನೋಡಿದ ತಕ್ಷಣ 80 ಉಳಿಯಿತು ಅನಿಸುತ್ತದೆ. ಈಗ ದೊಡ್ಡ ಬ್ಯಾಗ್ ಇದೆ ಎನ್ನಿ, 35 ಸೇರಿಸಿ. ಜತೆಯವರ ಪಕ್ಕ ಕೂರಬೇಕು, ಸೀಟಿಗೆ 8. ತಿಂಡಿ, ನೀರಿಗೆ 7. ಇಳಿಯುವ ನಿಲ್ದಾಣ ಊರಿನಿಂದ ದೂರ, ಬಸ್ಸಿಗೆ 22. ಒಟ್ಟು 172 ಆಯಿತು. ದೊಡ್ಡ ಕಂಪನಿಯ ವಿಮಾನ ಊರಿನ ಹತ್ತಿರದ ನಿಲ್ದಾಣಕ್ಕೇ ಇಳಿಯುತ್ತದೆ, ಅಲ್ಲಿಂದ ಮೆಟ್ರೋಗೆ 4. ಒಟ್ಟು 184. ಕೊನೆಗೆ ಉಳಿದದ್ದು 12. ಆ 12ಕ್ಕಾಗಿ ಬೆಳಗಿನ ಜಾವ ಮೂರಕ್ಕೆ ಎದ್ದು, ಎರಡು ಗಂಟೆ ಬಸ್ಸಿನಲ್ಲಿ ಕೂರಬೇಕು ಎಂದರೆ ನಾನಂತೂ ಒಲ್ಲೆ.

ಅದೇ ಪ್ರಯಾಣವನ್ನು ಬೆನ್ನಿಗೊಂದು ಚೀಲ ಹಾಕಿಕೊಂಡು ಒಬ್ಬರೇ ಹೋಗುವವರು ಮಾಡಿದರೆ? ಟಿಕೆಟ್ 100, ಬಸ್ 22, ಮನೆಯಿಂದ ತಂದ ತಿಂಡಿ. ಒಟ್ಟು 122. ಉಳಿದದ್ದು 62, ಅಂದರೆ ಮೂರನೇ ಒಂದು ಭಾಗ. ವಿಮಾನ ಒಂದೇ, ದಿನ ಒಂದೇ, ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ಬರೀ ತಲೆನೋವು. ಹಾಗಾಗಿ "ಅಗ್ಗದ ವಿಮಾನ ಒಳ್ಳೆಯದಾ?" ಎಂದು ಗೆಳೆಯರನ್ನು ಕೇಳಿ ಪ್ರಯೋಜನವಿಲ್ಲ. ಅವರ ಲೆಕ್ಕ ಬೇರೆ, ನಿಮ್ಮ ಲೆಕ್ಕ ಬೇರೆ.

ಒಂದು ಸಣ್ಣ ಕಿವಿಮಾತು. ನಾಲ್ಕು ಜನರಿಗೆ ಒಟ್ಟಿಗೆ ಹುಡುಕುವ ಮುಂಚೆ ಒಬ್ಬರಿಗೆ ಹುಡುಕಿ ನೋಡಿ. ಕಡಿಮೆ ಬೆಲೆಯ ಸೀಟು ಎರಡೇ ಉಳಿದಿದ್ದರೆ, ಎಷ್ಟೋ ಕಡೆ ನಾಲ್ಕೂ ಜನರಿಗೆ ಮೇಲಿನ ಬೆಲೆಯನ್ನೇ ತೋರಿಸುತ್ತಾರೆ. ಇಬ್ಬಿಬ್ಬರಾಗಿ ಬುಕ್ ಮಾಡಿದರೆ ಆ ವ್ಯತ್ಯಾಸ ಉಳಿಯುತ್ತದೆ.

ಹೆಜ್ಜೆ 2: ನಿಲ್ದಾಣದ ಹೆಸರನ್ನು ಪೂರ್ತಿ ಓದಿ

ಊರಿನ ಹೆಸರು ನೋಡಿ ಮೋಸ ಹೋಗುವವರು ಇವತ್ತಿಗೂ ಇದ್ದಾರೆ. 'ಪ್ಯಾರಿಸ್ ಬೋವೆ' ನಿಲ್ದಾಣ ಪ್ಯಾರಿಸ್‌ನಿಂದ 80 ಕಿ.ಮೀ.ಗೂ ದೂರ. 'ಫ್ರಾಂಕ್‌ಫರ್ಟ್ ಹಾನ್' ಫ್ರಾಂಕ್‌ಫರ್ಟ್‌ನಿಂದ ಸುಮಾರು 120 ಕಿ.ಮೀ. 'ಸ್ಟಾಕ್‌ಹೋಮ್ ಸ್ಕವ್‌ಸ್ಟಾ' ಸುಮಾರು 100 ಕಿ.ಮೀ. ಇಂಥ ನಿಲ್ದಾಣಗಳಲ್ಲಿ ಬಾಡಿಗೆ ಕಡಿಮೆ, ರನ್‌ವೇಗೆ ಸರದಿ ಕಾಯಬೇಕಿಲ್ಲ. ಅದಕ್ಕೇ ಅಗ್ಗದ ಕಂಪನಿಗಳಿಗೆ ಇಷ್ಟ.

ನಕ್ಷೆಯಲ್ಲಿ ದೂರ ನೋಡಿದರೆ ಸಾಲದು. ನೀವು ಇಳಿಯುವ ಹೊತ್ತಿಗೆ ಬಸ್ ಇದೆಯಾ ನೋಡಿ. ಒಮ್ಮೆ ನನ್ನ ವಿಮಾನ ರಾತ್ರಿ ಹನ್ನೊಂದೂವರೆಗೆ ಇಳಿಯಬೇಕಿತ್ತು, ಕೊನೆಯ ಬಸ್ ಹನ್ನೆರಡೂಕಾಲಿಗೆ. ಹಾಳೆಯ ಮೇಲೆ ಎಲ್ಲ ಸರಿಯಾಗಿತ್ತು. ವಿಮಾನ ಐವತ್ತು ನಿಮಿಷ ತಡವಾಯಿತು. ಖಾಲಿ ಬಸ್ ಸ್ಟಾಪಿನಲ್ಲಿ ಪರಿಚಯವೇ ಇಲ್ಲದ ಮೂವರ ಜತೆ ಟ್ಯಾಕ್ಸಿಯ ಬಾಡಿಗೆ ಹಂಚಿಕೊಂಡು ಊರು ಸೇರಿದೆ. ಹಂಚಿಕೊಂಡ ಮೇಲೂ ಅದು ಟಿಕೆಟ್ಟಿನಷ್ಟೇ ಆಗಿತ್ತು. ಅಂದಿನಿಂದ ದಿನದ ಕೊನೆಯ ವಿಮಾನ ಹತ್ತುವುದಾದರೆ ಆ ಟ್ಯಾಕ್ಸಿ ಹಣವನ್ನು ಮೊದಲೇ ಲೆಕ್ಕಕ್ಕೆ ಸೇರಿಸುತ್ತೇನೆ.

ಹೆಜ್ಜೆ 3: ಬ್ಯಾಗ್ ಅಳೆಯಿರಿ, ತೂಗಿರಿ

ಗೆಲ್ಲುವುದಾದರೂ ಸೋಲುವುದಾದರೂ ಬ್ಯಾಗಿನಲ್ಲೇ. ಕೆಲವು ಕಂಪನಿಗಳು ಅಳತೆ ನೋಡುತ್ತವೆ, ಕೆಲವು ತೂಕ. ಈಸಿಜೆಟ್‌ನಲ್ಲಿ ಉಚಿತ ಬ್ಯಾಗಿನ ಅಳತೆ 45×36×20 ಸೆಂ.ಮೀ. ವಿಜ್ ಏರ್‌ನಲ್ಲಿ 40×30×20. ಏರ್‌ಏಷ್ಯಾ ಮೂಲ ಟಿಕೆಟ್ಟಿನಲ್ಲಿ ಕೈಯಲ್ಲಿರುವುದೆಲ್ಲ ಸೇರಿ 7 ಕಿಲೋ ಎನ್ನುತ್ತದೆ. ಒಂದು ಕಂಪನಿಗೆ ಸರಿಹೊಂದಿದ ಬ್ಯಾಗ್ ಇನ್ನೊಂದರಲ್ಲಿ ಸಿಕ್ಕಿಬೀಳುತ್ತದೆ. ಹೋಗುವಾಗ ಒಂದು ಕಂಪನಿ, ಬರುವಾಗ ಇನ್ನೊಂದು ಎಂದಾದರೆ ಎರಡರಲ್ಲಿ ಚಿಕ್ಕ ಅಳತೆಯನ್ನೇ ಹಿಡಿಯಿರಿ.

ಹೋದ ವರ್ಷದ ನೆನಪನ್ನು ನಂಬಿಕೊಂಡು ಹೋಗಬೇಡಿ. ಸೌತ್‌ವೆಸ್ಟ್ ಎರಡು ದೊಡ್ಡ ಬ್ಯಾಗ್ ಉಚಿತ ಎಂದು ವರ್ಷಗಟ್ಟಲೆ ಜಾಹೀರಾತು ಮಾಡಿಕೊಂಡಿತ್ತು. 2025ರ ಮೇ ತಿಂಗಳಲ್ಲಿ ಬಹುತೇಕ ಟಿಕೆಟ್‌ಗಳಿಗೆ ಅದನ್ನು ನಿಲ್ಲಿಸಿಬಿಟ್ಟಿತು.

ಅಳೆಯುವಾಗ ಚಕ್ರ ಮತ್ತು ಹಿಡಿ ಸೇರಿಸಿ ಅಳೆಯಿರಿ. ಅಂಗಡಿಯವರು ಹೇಳುವ ಅಳತೆಯಲ್ಲಿ ಎಷ್ಟೋ ಸಲ ಚಕ್ರ ಸೇರಿರುವುದಿಲ್ಲ. ಅಳೆಯುವುದೂ ಬ್ಯಾಗ್ ತುಂಬಿದ ಮೇಲೆ. ಖಾಲಿ ಬ್ಯಾಗ್ ಎಲ್ಲಿ ಬೇಕಾದರೂ ಹಿಡಿಸುತ್ತದೆ. ನನ್ನ ಅನುಭವದಲ್ಲಿ ಚಕ್ರವಿಲ್ಲದ, ಮೆತ್ತಗಿನ ಬೆನ್ನುಚೀಲವೇ ಒಳ್ಳೆಯದು. ಒತ್ತಿದರೆ ಒತ್ತಿಸಿಕೊಳ್ಳುತ್ತದೆ. ತೂಕ ನೋಡಲು ತಕ್ಕಡಿ ಇಲ್ಲದಿದ್ದರೆ ಬ್ಯಾಗ್ ಹಿಡಿದು ಒಮ್ಮೆ, ಬಿಟ್ಟು ಒಮ್ಮೆ ತೂಕದ ಯಂತ್ರದ ಮೇಲೆ ನಿಂತು ಕಳೆದುಬಿಡಿ.

ದೊಡ್ಡ ಬ್ಯಾಗ್ ಬೇಕೇ ಬೇಕು ಎಂದು ಗೊತ್ತಿದ್ದರೆ ಟಿಕೆಟ್ ಜತೆಗೇ ಕೊಳ್ಳಿ. ಬುಕ್ ಮಾಡುವಾಗ ಸಾಮಾನ್ಯವಾಗಿ ಒಂದು ಬೆಲೆ, ಆಮೇಲೆ ಸೇರಿಸಿದರೆ ಇನ್ನೊಂದು, ನಿಲ್ದಾಣದ ಕೌಂಟರಿನಲ್ಲಿ ಮತ್ತೊಂದು, ಗೇಟಿನಲ್ಲಿ ಎಲ್ಲಕ್ಕಿಂತ ಜಾಸ್ತಿ. ಇಬ್ಬರು ಹೋಗುವುದಾದರೆ ಇಬ್ಬರಿಗೂ ಸೇರಿ ಒಂದೇ ದೊಡ್ಡ ಬ್ಯಾಗ್ ಸಾಕಾಗುತ್ತದೆಯೇ ನೋಡಿ.

ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಬೇಕು. ಕೆಳಗೆ ಹಾಕುವ ಬ್ಯಾಗಿಗೆ ಹಾಕುವ ಹಾಗಿಲ್ಲ. ಮಿತಿ 100 ವ್ಯಾಟ್-ಅವರ್, ಅಲ್ಲಿಂದ 160ರವರೆಗೆ ಕಂಪನಿಯ ಅನುಮತಿ ಬೇಕು, ಅದಕ್ಕೂ ದೊಡ್ಡದನ್ನು ಒಯ್ಯುವ ಹಾಗಿಲ್ಲ. ಸಾಮಾನ್ಯವಾಗಿ ಸಿಗುವ 20,000 ಎಂಎಎಚ್‌ನದು ಸುಮಾರು 74 ವ್ಯಾಟ್-ಅವರ್ ಆಗುವುದರಿಂದ ತೊಂದರೆಯಿಲ್ಲ. ಗೇಟಿನಲ್ಲಿ ಬ್ಯಾಗ್ ಕಿತ್ತುಕೊಂಡು ಕೆಳಗೆ ಹಾಕುತ್ತೇವೆ ಎಂದಾಗ ಗಡಿಬಿಡಿಯಲ್ಲಿ ಇದನ್ನು ಹೊರಗೆ ತೆಗೆಯಲು ಮರೆಯುತ್ತೇವೆ. ಔಷಧಿ, ಪಾಸ್‌ಪೋರ್ಟ್, ಮನೆಯ ಕೀಲಿ ಕೂಡ ಹಾಗೆಯೇ.

ಹೆಜ್ಜೆ 4: "ಈ ವಿಮಾನ ಹೋಗದಿದ್ದರೆ?" ಎಂದು ಕೇಳಿಕೊಳ್ಳಿ

ನನ್ನ ಮಟ್ಟಿಗೆ ಉಳಿದ ಎಲ್ಲ ಹೆಜ್ಜೆಗಳಿಗಿಂತ ಇದು ದೊಡ್ಡದು. ಬ್ಯಾಗಿನಲ್ಲಿ ಹೋಗುವುದು ಚಿಲ್ಲರೆ. ಇಲ್ಲಿ ಹೋದರೆ ಗಂಟೇ ಹೋಗುತ್ತದೆ.

ನಾನು ಹೀಗೇ ಒಮ್ಮೆ ಎರಡು ಅಗ್ಗದ ಟಿಕೆಟ್ ಜೋಡಿಸಿ ಜಾಣನಾಗಲು ಹೋದೆ. ಮೊದಲ ವಿಮಾನ ಒಂದು ಕಂಪನಿಯದು, ಎರಡನೆಯದು ಇನ್ನೊಂದರದು, ನಡುವೆ ಎರಡೂವರೆ ಗಂಟೆ. ನೇರ ಟಿಕೆಟ್ಟಿನ ಅರ್ಧ ಬೆಲೆಗೆ ಸಿಕ್ಕಿತ್ತು. ಮೊದಲ ವಿಮಾನ ಒಂದು ಗಂಟೆ ಇಪ್ಪತ್ತು ನಿಮಿಷ ತಡವಾಯಿತು. ಬ್ಯಾಗ್ ಬರುವ ಬೆಲ್ಟಿನ ಮುಂದೆ ನಲವತ್ತು ನಿಮಿಷ ನಿಂತೆ. ನನ್ನದಲ್ಲದ ನೀಲಿ ಸೂಟ್‌ಕೇಸ್ ಒಂದು ಎದುರಿಗೆ ಆರು ಸಲ ಸುತ್ತಿತು, ನಾನು ಎಣಿಸಿದ್ದೆ. ಎರಡನೇ ಕಂಪನಿಯ ಕೌಂಟರಿಗೆ ಓಡಿ ಬರುವಷ್ಟರಲ್ಲಿ ಬ್ಯಾಗ್ ತೆಗೆದುಕೊಳ್ಳುವುದನ್ನು ನಿಲ್ಲಿಸಿದ್ದರು. "ನಿಮ್ಮ ಹಿಂದಿನ ವಿಮಾನ ತಡವಾದರೆ ನಾವೇನು ಮಾಡೋಕಾಗುತ್ತೆ ಸಾರ್?" ಎಂದರು. ನಿಜವೇ, ಅವರು ಮಾಡಬೇಕಾದ್ದು ಏನೂ ಇರಲಿಲ್ಲ. ಮರುದಿನದ ಟಿಕೆಟ್, ರಾತ್ರಿಯ ರೂಮು ಎಲ್ಲ ನನ್ನ ಜೇಬಿನಿಂದಲೇ ಹೋಯಿತು.

ಒಂದೇ ಟಿಕೆಟ್ಟಿನಲ್ಲಿ ಎರಡು ವಿಮಾನ ಇದ್ದು, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ವಿಮಾನಕ್ಕೆ ಹತ್ತಿಸುವುದು ಕಂಪನಿಯ ಜವಾಬ್ದಾರಿ. ಬೇರೆ ಬೇರೆ ಟಿಕೆಟ್ ಆದರೆ ಇಲ್ಲ. ಬ್ಯಾಗ್ ನೀವೇ ತೆಗೆದು ಮತ್ತೆ ಕೊಡಬೇಕು. ಅದಕ್ಕಾಗಿ ಆ ದೇಶದ ವಲಸೆ ಕೌಂಟರ್ ದಾಟಬೇಕಾಗಿ ಬಂದರೆ ವೀಸಾ ಕೂಡ ಬೇಕಾಗಬಹುದು. ಬರೀ ವಿಮಾನ ಬದಲಿಸಲು ವೀಸಾ ಯಾಕೆ ಎಂದುಕೊಂಡು ಹೊರಟವರನ್ನು ಮೊದಲ ನಿಲ್ದಾಣದಲ್ಲೇ ತಡೆದು ವಾಪಸ್ ಕಳಿಸುತ್ತಾರೆ. ಹೀಗೆ ಟಿಕೆಟ್ ಜೋಡಿಸಲೇಬೇಕು ಎಂದರೆ ನಡುವೆ ಒಂದು ರಾತ್ರಿ ಬಿಡಿ. ಆ ರಾತ್ರಿಯ ಖರ್ಚನ್ನೂ ಸೇರಿಸಿದ ಮೇಲೆ ಲಾಭ ಉಳಿದರೆ ಸರಿ.

ನೇರ ಪ್ರಯಾಣಕ್ಕೂ ಇದೇ ಪ್ರಶ್ನೆ ಹಾಕಿಕೊಳ್ಳಿ. ಆ ಕಂಪನಿ ಆ ದಾರಿಯಲ್ಲಿ ದಿನಕ್ಕೆ ಎಷ್ಟು ಸಲ ಹಾರುತ್ತದೆ? ದಿನಕ್ಕೆ ಆರು ವಿಮಾನ ಇದ್ದರೆ ಒಂದು ರದ್ದಾದರೂ ಸಂಜೆಯೊಳಗೆ ತಲುಪುವ ಆಸೆ ಇದೆ. ವಾರಕ್ಕೆ ಎರಡೇ ಇದ್ದರೆ ಮುಂದಿನದು ಮೂರು ನಾಲ್ಕು ದಿನ ಬಿಟ್ಟು. ತಂಗಿಯ ಮದುವೆ, ಪರೀಕ್ಷೆ, ಸಂದರ್ಶನ, ಆಸ್ಪತ್ರೆಯಲ್ಲಿರುವ ಹತ್ತಿರದವರು, ಇಂಥ ಕೆಲಸಕ್ಕೆ ವಾರಕ್ಕೆರಡು ಸಲ ಹಾರುವ ವಿಮಾನ ಬೇಡವೇ ಬೇಡ. ಸುಮ್ನೆ ಒಂದು ಊರು ನೋಡಿ ಬರಲು, ರಜೆ ಒಂದು ದಿನ ಜಾಸ್ತಿಯಾದರೂ ಯಾರೂ ಬೈಯುವುದಿಲ್ಲ ಎಂದರೆ ಧೈರ್ಯವಾಗಿ ತೆಗೆದುಕೊಳ್ಳಿ.

ಬೆಳಗಿನ ಮೊದಲ ವಿಮಾನ ಆರಿಸಿದರೆ ಅರ್ಧ ಚಿಂತೆ ಕಡಿಮೆ. ಆ ವಿಮಾನ ಎಷ್ಟೋ ಸಲ ಹಿಂದಿನ ರಾತ್ರಿಯೇ ಬಂದು ನಿಂತಿರುತ್ತದೆ, ದಿನದ ತಡಗಳು ಇನ್ನೂ ಶುರುವಾಗಿರುವುದಿಲ್ಲ. ಸಂಜೆಯದಾದರೆ, ಹೊರಡುವ ಮುಂಚೆ ಫ್ಲೈಟ್‌ರಾಡಾರ್24 ಥರದ ಆ್ಯಪ್‌ನಲ್ಲಿ ನಿಮ್ಮ ವಿಮಾನ ಈಗ ಎಲ್ಲಿದೆ ನೋಡಿ. ಅದು ಇನ್ನೂ ಎರಡು ಊರು ಆಚೆ ಇದ್ದರೆ, ಫಲಕದಲ್ಲಿ "ಸಮಯಕ್ಕೆ ಸರಿಯಾಗಿ" ಎಂದು ತೋರಿಸುತ್ತಿದ್ದರೂ ಏನಾಗಲಿದೆ ಎಂದು ನಿಮಗೇ ಗೊತ್ತಾಗುತ್ತದೆ. ಆದರೆ ಅದನ್ನು ನಂಬಿ ನಿಲ್ದಾಣಕ್ಕೆ ತಡವಾಗಿ ಹೋಗಬೇಡಿ. ಕೆಲವೊಮ್ಮೆ ಬೇರೆ ವಿಮಾನ ಹಾಕಿಬಿಡುತ್ತಾರೆ.

ಸೀಟಿನ ವಿಷಯ ಇಲ್ಲೇ ಹೇಳಿ ಮುಗಿಸುತ್ತೇನೆ. ತೀರಾ ಅಗ್ಗದ ಕೆಲವು ಕಂಪನಿಗಳಲ್ಲಿ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ 28 ಇಂಚು ಅಂತರ, ಉಳಿದ ಕಡೆ 30, 31. ಎರಡು ಗಂಟೆಗೆ ಇದು ದೊಡ್ಡ ವಿಷಯವಲ್ಲ. ಐದು ಗಂಟೆಗೆ, ಉದ್ದ ಕಾಲಿನವರಿಗೆ, ಮಂಡಿ ನೋವಿನವರಿಗೆ ದೊಡ್ಡ ವಿಷಯವೇ.

ಹೆಜ್ಜೆ 5: ಬುಕಿಂಗ್ ಪುಟದಲ್ಲಿ ನಿಧಾನ

ಹುಡುಕುವುದು ಎಲ್ಲಿ ಬೇಕಾದರೂ ಹುಡುಕಿ, ಕೊಳ್ಳುವುದು ಮಾತ್ರ ಕಂಪನಿಯ ಸ್ವಂತ ವೆಬ್‌ಸೈಟಿನಲ್ಲಿ. ನಡುವೆ ಏಜೆಂಟ್ ಇದ್ದರೆ, ವಿಮಾನ ರದ್ದಾದಾಗ ಅವರು ಇವರನ್ನು ಕೇಳಿ ಎನ್ನುತ್ತಾರೆ, ಇವರು ಅವರನ್ನು. ಏಜೆಂಟ್ ತನ್ನದೇ ಇಮೇಲ್ ಕೊಟ್ಟಿದ್ದರೆ ಸಮಯ ಬದಲಾದ ಸುದ್ದಿಯೂ ನಿಮಗೆ ಬರುವುದಿಲ್ಲ.

ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಬರೆಯಿರಿ, ಅಕ್ಷರ ಅಕ್ಷರ ನೋಡಿ. ನಮ್ಮಲ್ಲಿ ಇನಿಶಿಯಲ್ ಇರುವವರಿಗೆ ಇದು ಯಾವಾಗಲೂ ಒಂದು ಗೋಳು. ಆಮೇಲೆ ತಿದ್ದಲು ಕೇಳುವ ಹಣದಲ್ಲಿ ಕೆಲವೊಮ್ಮೆ ಇನ್ನೊಂದು ಟಿಕೆಟ್ಟೇ ಬರುತ್ತದೆ.

ದುಡ್ಡು ಕಟ್ಟುವ ಪುಟದಲ್ಲಿ "ನಿಮ್ಮ ದೇಶದ ಹಣದಲ್ಲೇ ಕಟ್ಟಿ" ಎಂದು ಉಪಕಾರ ಮಾಡುವವರ ಹಾಗೆ ಕೇಳುತ್ತಾರೆ. ಆ ವಿನಿಮಯ ದರ ಅವರದೇ, ಸಾಮಾನ್ಯವಾಗಿ ಬ್ಯಾಂಕಿನ ದರಕ್ಕಿಂತ ಕೆಟ್ಟದ್ದು. ಟಿಕೆಟ್ಟಿನ ಮೂಲ ಹಣದಲ್ಲೇ ಕಟ್ಟಿದರೆ ನಿಮ್ಮ ಬ್ಯಾಂಕ್ ಎಷ್ಟು ಹಿಡಿಯುತ್ತದೆ ಎಂದು ಒಮ್ಮೆ ನೋಡಿ ಆರಿಸಿ.

ಆಗುವುದಾದರೆ ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿ. ಅಗ್ಗದ ಕಂಪನಿಗಳು ಮುಳುಗುವುದೂ ಇದೆ, ಅದೂ ರಾತ್ರೋರಾತ್ರಿ. ಪ್ರೈಮೆರಾ ಏರ್ 2018ರ ಅಕ್ಟೋಬರ್‌ನಲ್ಲಿ, ಐಸ್‌ಲ್ಯಾಂಡಿನ ವಾವ್ ಏರ್ 2019ರ ಮಾರ್ಚ್‌ನಲ್ಲಿ ಹಾರಾಟ ನಿಲ್ಲಿಸಿದಾಗ ಎಷ್ಟೋ ಜನ ಟಿಕೆಟ್ ಹಿಡಿದು ಪರದೇಶದಲ್ಲೇ ಉಳಿದರು. ಕಾರ್ಡಿನಲ್ಲಿ ಕಟ್ಟಿದ್ದರೆ ಸಿಗದ ಸೇವೆಯ ಹಣ ವಾಪಸ್ ಕೊಡಿ ಎಂದು ಬ್ಯಾಂಕಿನ ಮೂಲಕ ಕೇಳುವ ದಾರಿ ಇರುತ್ತದೆ.

ಹೆಜ್ಜೆ 6: ಚೆಕ್-ಇನ್ ಮನೆಯಲ್ಲೇ

ಆನ್‌ಲೈನ್ ಚೆಕ್-ಇನ್ ತೆರೆದ ದಿನವೇ ಮುಗಿಸಿ, ಬೋರ್ಡಿಂಗ್ ಪಾಸನ್ನು ಫೋನಿನಲ್ಲಿ ಉಳಿಸಿಕೊಳ್ಳಿ. ಕೆಲವು ಕಂಪನಿಗಳು ನಿಲ್ದಾಣದಲ್ಲಿ ಚೆಕ್-ಇನ್ ಮಾಡಿಸಿದರೆ ದೊಡ್ಡ ಶುಲ್ಕ ಹಾಕುತ್ತವೆ. ಸೀಟಿಗೆ ದುಡ್ಡು ಕೊಡದಿದ್ದರೆ ಎಲ್ಲೋ ಒಂದು ಕಡೆ ಕೂರಿಸುತ್ತಾರೆ, ಹೆಚ್ಚಾಗಿ ನಡುವಿನ ಸೀಟು. ಒಬ್ಬರೇ ಹೋಗುವಾಗ ನಾನು ಅದಕ್ಕೆ ಒಂದು ಕಾಸೂ ಕೊಡುವುದಿಲ್ಲ.

ಹೆಜ್ಜೆ 7: ಕೈಕೊಟ್ಟರೆ

ಅಗ್ಗದ ಟಿಕೆಟ್ ಎಂದು ಹಕ್ಕು ಅಗ್ಗವಾಗುವುದಿಲ್ಲ. ಐರೋಪ್ಯ ಒಕ್ಕೂಟದ 261/2004 ನಿಯಮದ ಪ್ರಕಾರ, ಕಂಪನಿಯದೇ ಕಾರಣದಿಂದ ಮೂರು ಗಂಟೆಗಿಂತ ತಡವಾಗಿ ತಲುಪಿದರೆ ದೂರ ನೋಡಿಕೊಂಡು 250ರಿಂದ 600 ಯೂರೋ ಪರಿಹಾರ ಸಿಗುತ್ತದೆ. ಟಿಕೆಟ್ 20 ಯೂರೋದ್ದಾದರೂ ಸರಿ. ಬಿರುಗಾಳಿಯಂಥ ಕಾರಣಕ್ಕೆ ಪರಿಹಾರವಿಲ್ಲ, ಆದರೆ ಕಾಯಿಸುವಾಗ ಊಟ, ರಾತ್ರಿಯಾದರೆ ರೂಮು ಕೊಡಲೇಬೇಕು. ಕೊಡದೆ ಕೈ ಎತ್ತಿದರೆ ನೀವೇ ಖರ್ಚು ಮಾಡಿ ರಸೀತಿ ಇಟ್ಟುಕೊಳ್ಳಿ. ಬೇರೆ ದೇಶಗಳ ನಿಯಮ ಬೇರೆ ಇರುತ್ತದೆ. ನೀವು ಹೊರಡುವ ದೇಶದ್ದು ಏನು ಎಂದು ಮೊದಲೇ ಓದಿಕೊಂಡರೆ ಕೌಂಟರಿನ ಮುಂದೆ ಮಾತಾಡಲು ಧೈರ್ಯ ಬರುತ್ತದೆ.

ಬ್ಯಾಗಿನ ವಿಷಯದಲ್ಲಿ ಅಂತರರಾಷ್ಟ್ರೀಯ ಪ್ರಯಾಣಕ್ಕೆ 1999ರ ಮಾಂಟ್ರಿಯಲ್ ಒಪ್ಪಂದ ಇದೆ. ಬ್ಯಾಗ್ ಒಡೆದು ಬಂದರೆ ಏಳು ದಿನದೊಳಗೆ, ತಡವಾಗಿ ಸಿಕ್ಕಿದರೆ ಸಿಕ್ಕ ದಿನದಿಂದ 21 ದಿನದೊಳಗೆ ಲಿಖಿತ ದೂರು ಕೊಡಬೇಕು. ನಿಲ್ದಾಣದಿಂದ ಹೊರಗೆ ಬರುವ ಮುಂಚೆಯೇ ಬ್ಯಾಗ್ ಕೌಂಟರಿನಲ್ಲಿ ವರದಿ ಬರೆಸಿ ಅದರ ನಂಬರ್ ತೆಗೆದುಕೊಳ್ಳಿ. ಬೋರ್ಡಿಂಗ್ ಪಾಸ್, ಬ್ಯಾಗಿನ ಚೀಟಿ, ತಡವಾದ ಸಮಯ ತೋರಿಸುವ ಫಲಕ, ಮೂರರದ್ದೂ ಫೋಟೋ ಇರಲಿ. ಯುರೋಪಿನ ಪರಿಹಾರದ ಅರ್ಜಿಯನ್ನು ಕಂಪನಿಯ ವೆಬ್‌ಸೈಟಿನ ಫಾರಂನಲ್ಲೇ ನೀವೇ ಹಾಕಬಹುದು, ಕಮಿಷನ್ ಹಿಡಿಯುವ ಮಧ್ಯವರ್ತಿ ಬೇಕಿಲ್ಲ. ಹಣದ ಬದಲು ವೋಚರ್ ಕೊಡುತ್ತೇವೆ ಎಂದು ಇಮೇಲ್ ಬಂದರೆ ಅವಸರದಲ್ಲಿ ಒಪ್ಪಿಗೆಯ ಬಟನ್ ಒತ್ತಬೇಡಿ. ಯುರೋಪಿನ ನಿಯಮದಲ್ಲಿ ನೀವು ಒಪ್ಪಿದರೆ ಮಾತ್ರ ವೋಚರ್, ಇಲ್ಲದಿದ್ದರೆ ಹಣವನ್ನೇ ಕೊಡಬೇಕು.